ಎಕ್ಸ್‌ಎಂಎಲ್ ಸಂದೇಶ: ಊರು ತಪ್ಪಿದರೆ ಉತ್ತರ ಬಾರದು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳುವ ಜೆಸಾನ್ ಮಾದರಿಯನ್ನು ನೀರು ಕುಡಿದಷ್ಟು ಸಲೀಸಾಗಿ ಬರೆಯುತ್ತಾರೆ. ಅವರೇ ಸೋಪ್ ಸೇವೆಯೊಂದರ (ಟ್ಯಾಗ್‌ಗಳಲ್ಲಿ ಮಾಹಿತಿ ತುಂಬುವ ಎಕ್ಸ್‌ಎಂಎಲ್‌ನಲ್ಲಿ ಸಂದೇಶ ಕಳಿಸಿ ಉತ್ತರ ಪಡೆಯುವ ಸೇವೆ) ಮುಂದೆ ಕೂತರೆ ಎರಡು ಮೂರು ದಿನ ಹಾಳಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಟ್ಯಾಗಿನ ಹೆಸರು ಸರಿ ಇರುತ್ತದೆ, ಒಳಗೆ ತುಂಬಿದ ಸಂಖ್ಯೆಯೂ ಸರಿ ಇರುತ್ತದೆ, ಆದರೂ ಸರ್ವರ್ ‘ಗ್ರಾಹಕರ ಸಂಖ್ಯೆ ಕೊಟ್ಟಿಲ್ಲ’ ಎನ್ನುತ್ತದೆ. ಕೊಟ್ಟದ್ದು ಕಣ್ಣೆದುರೇ ಇದೆ! ಬಹುತೇಕ ಸಲ ತಪ್ಪಿರುವುದು ನೇಮ್‌ಸ್ಪೇಸ್‌ನಲ್ಲಿ, ಅಂದರೆ ಟ್ಯಾಗ್ ಎಲ್ಲಿಯದು ಎಂದು ಗುರುತಿಸುವ ಹೆಸರಿನಲ್ಲಿ. ಆ ಒಂದು ಗಂಟು ಬಿಡಿಸಲೆಂದೇ ಈ ಲೇಖನ.

ಎಕ್ಸ್‌ಎಂಎಲ್ ಕಾಲ ಮುಗಿಯಿತು ಎನ್ನುವವರ ಮಾತು ನಂಬಬೇಡಿ. ಯುಪಿಐನಲ್ಲಿ ಬ್ಯಾಂಕುಗಳು ಮತ್ತು ಅದನ್ನು ನಡೆಸುವ ಎನ್‌ಪಿಸಿಐ ನಡುವೆ ಓಡಾಡುವ ಸಂದೇಶಗಳು ಎಕ್ಸ್‌ಎಂಎಲ್‌ನಲ್ಲಿವೆ. ರಿಸರ್ವ್ ಬ್ಯಾಂಕ್ 2013ರಲ್ಲಿ ತಂದ ಹೊಸ ಆರ್‌ಟಿಜಿಎಸ್ ವ್ಯವಸ್ಥೆ ಬಳಸುವ, ಹಣಕಾಸು ಸಂದೇಶಗಳ ಐಎಸ್‌ಒ 20022 ಮಾದರಿಯೂ ಅದೇ.

ಕಲಿಯಲು ನಾನು ಯಾವಾಗಲೂ ಹೇಳುವುದು ಯುರೋಪಿಯನ್ ಕಮಿಷನ್ ನಡೆಸುವ ವಿಐಇಎಸ್ ಸೇವೆಯನ್ನು. ಯುರೋಪಿನ ವ್ಯಾಪಾರಿಯೊಬ್ಬರ ವ್ಯಾಟ್ ಸಂಖ್ಯೆ ಊರ್ಜಿತವಾಗಿದೆಯೇ ಎಂದು ಅದು ತಿಳಿಸುತ್ತದೆ. ಅಲ್ಲಿನ ಗ್ರಾಹಕರಿಗೆ ಬಿಲ್ ಕಳಿಸುವ ಬೆಂಗಳೂರಿನ ಕಂಪನಿಗಳಿಗೂ ಇದು ಬೇಕಾಗುತ್ತದೆ. ಕೇಳುವ ಮಾಹಿತಿ ಎರಡೇ: ದೇಶದ ಸಂಕೇತ, ವ್ಯಾಟ್ ಸಂಖ್ಯೆ. ಗ್ರೀಸ್‌ಗೆ ಜಿಆರ್ ಅಲ್ಲ, ಇಎಲ್ ಎಂದು ಕೊಡಬೇಕು.

ಹಂತ 1: ಡಬ್ಲ್ಯೂಎಸ್‌ಡಿಎಲ್ ಓದಿ

ಸೇವೆಗೆ ಏನನ್ನು ಹೇಗೆ ಕಳಿಸಬೇಕೆಂದು ವಿವರಿಸುವ ಡಬ್ಲ್ಯೂಎಸ್‌ಡಿಎಲ್ ಕಡತ ಇಳಿಸಿಕೊಂಡು ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಟಾರ್ಗೆಟ್‌ನೇಮ್‌ಸ್ಪೇಸ್ (ಸೇವೆಯ ಟ್ಯಾಗ್‌ಗಳ ನೇಮ್‌ಸ್ಪೇಸ್) ಏನು, ಎಲಿಮೆಂಟ್‌ಫಾರ್ಮ್‌ಡಿಫಾಲ್ಟ್ (ಒಳಗಿನ ಟ್ಯಾಗ್‌ಗಳಿಗೂ ಅದು ಬೇಕೇ ಎಂಬ ಸೂಚನೆ) ಏನು, ಸೋಪ್ ಆವೃತ್ತಿ 1.1 ಬೇಕೋ 1.2 ಬೇಕೋ.

ಹಂತ 2: ಕೋಡ್ ಬರೆಯುವ ಮೊದಲೇ ಒಂದು ಸಂದೇಶ ಕಳಿಸಿ

ಸೋಪ್‌ಯುಐ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಡಬ್ಲ್ಯೂಎಸ್‌ಡಿಎಲ್ ತೆರೆದರೆ ಮಾದರಿ ಸಂದೇಶ ತಾನೇ ಸಿದ್ಧವಾಗುತ್ತದೆ. ಅದನ್ನು ಕಳಿಸಿ, ಸರಿಯಾದ ಉತ್ತರ ಬಂದ ಮೇಲೆ ಎರಡನ್ನೂ ಕಡತದಲ್ಲಿ ಉಳಿಸಿಕೊಳ್ಳಿ. ಮುಂದೆ ಎಡವಿದಾಗಲೆಲ್ಲ ಹೋಲಿಸಿ ನೋಡಲು ಇದೇ ಬೇಕು.

ಹಂತ 3: ನೇಮ್‌ಸ್ಪೇಸ್

ಹಾಜರಿ ಪುಸ್ತಕದಲ್ಲಿ ಇಬ್ಬರು ಮಂಜುನಾಥ ಇದ್ದರೆ ಮೇಷ್ಟ್ರು ಏನು ಮಾಡುತ್ತಿದ್ದರು? ಕೆ. ಮಂಜುನಾಥ, ಎಚ್. ಮಂಜುನಾಥ ಎಂದು ಕೂಗುತ್ತಿದ್ದರು. ನೇಮ್‌ಸ್ಪೇಸ್ ಅಂದರೆ ಆ ಹುಡುಗನ ಊರು, ಪ್ರಿಫಿಕ್ಸ್ (ಟ್ಯಾಗಿನ ಹೆಸರಿನ ಮುಂದೆ ಬರುವ ಗುರುತು) ಅಂದರೆ ಇನಿಷಿಯಲ್. ‘ಎಚ್’ ಎಂದರೆ ಹಾಸನವೋ ಹುಬ್ಬಳ್ಳಿಯೋ ಎಂಬುದನ್ನು ಎಕ್ಸ್‌ಎಂಎಲ್‌ಎನ್‌ಎಸ್ ಎಂಬ ಘೋಷಣೆ ಹೇಳುತ್ತದೆ. ಸಂದೇಶ ಓದುವ ಪಾರ್ಸರ್ ನೋಡುವುದು ಊರನ್ನು. ಇನಿಷಿಯಲ್ ಯಾವ ಅಕ್ಷರವಾದರೂ ಅದಕ್ಕೆ ಒಂದೇ. ಹಾಗಾಗಿ ಮಾದರಿಯಲ್ಲಿ ‘ಸೋಪ್‌ಎನ್ವ್’ ಎಂದಿದ್ದು ನಿಮ್ಮ ಲೈಬ್ರರಿ (ನೀವು ಬಳಸುವ ಸಿದ್ಧ ಕೋಡ್) ‘ಎನ್‌ಎಸ್0’ ಎಂದು ಬರೆದರೆ ಹೆದರಬೇಕಿಲ್ಲ. ಎಚ್ಚರ ಬೇಕಾದ ಜಾಗ ಒಂದಿದೆ: ಟ್ಯಾಗಿನೊಳಗೆ ಬರೆಯುವ ಎಕ್ಸ್‌ಎಸ್‌ಐ ಟೈಪ್ ಎಂಬ ಆಟ್ರಿಬ್ಯೂಟಿನ ಮೌಲ್ಯದೊಳಗೂ ಪ್ರಿಫಿಕ್ಸ್ ಬರುತ್ತದೆ. ಹೊರಗೆ ಇನಿಷಿಯಲ್ ಬದಲಿಸಿ ಅಲ್ಲಿ ಹಳೆಯದನ್ನೇ ಬಿಟ್ಟರೆ ಸಂದೇಶ ಕೆಡುತ್ತದೆ.

ಊರಿನ ಹೆಸರು ವೆಬ್ ವಿಳಾಸದಂತೆ ಕಂಡರೂ ಆ ವಿಳಾಸಕ್ಕೆ ಯಾರೂ ಹೋಗುವುದಿಲ್ಲ. ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಾರೆ, ಅಷ್ಟೆ. ಸೋಪ್ 1.1ರ ಎನ್ವಲಪ್ (ಇಡೀ ಸಂದೇಶವನ್ನು ಸುತ್ತುವ ಟ್ಯಾಗ್) ನೇಮ್‌ಸ್ಪೇಸ್ ಕೊನೆಯಲ್ಲಿ ಓರೆಗೆರೆ ಇದೆ, 1.2ರದ್ದರಲ್ಲಿ ಇಲ್ಲ. ಆ ಒಂದು ಗೆರೆ ಬಿಟ್ಟುಹೋದರೆ ಸರ್ವರ್ ‘ವರ್ಷನ್ ಮಿಸ್‌ಮ್ಯಾಚ್’ ಎನ್ನಬಹುದು. ಸುರಕ್ಷತೆಯ ಹೆಸರಿನಲ್ಲಿ ಎಚ್‌ಟಿಟಿಪಿ ಎಂದಿದ್ದುದನ್ನೆಲ್ಲ ಎಚ್‌ಟಿಟಿಪಿಎಸ್ ಎಂದು ಒಂದೇ ಏಟಿಗೆ ಬದಲಿಸಿದ ತಂಡವೊಂದನ್ನು ನೋಡಿದ್ದೇನೆ. ನೇಮ್‌ಸ್ಪೇಸ್‌ಗಳೂ ಬದಲಾಗಿ, ನಡೆಯುತ್ತಿದ್ದ ಸೇವೆಗಳು ಒಟ್ಟಿಗೇ ನಿಂತವು.

ಇನ್ನು ನಿಜವಾದ ಗಂಟು. ಪ್ರಿಫಿಕ್ಸ್ ಇಲ್ಲದೆ ನೇಮ್‌ಸ್ಪೇಸ್ ಘೋಷಿಸಿದರೆ ಅದು ಡಿಫಾಲ್ಟ್ ಆಗುತ್ತದೆ. ಮನೆಗೆ ಊರಿನ ಹೆಸರು ಕೊಟ್ಟಂತೆ, ಒಳಗಿರುವ ಪ್ರಿಫಿಕ್ಸ್ ಇಲ್ಲದ ಮಕ್ಕಳಿಗೆಲ್ಲ (ಒಳಗಿನ ಟ್ಯಾಗ್‌ಗಳಿಗೆಲ್ಲ) ಅದೇ ಊರು ಅಂಟಿಕೊಳ್ಳುತ್ತದೆ. ಆಟ್ರಿಬ್ಯೂಟ್‌ಗಳಿಗೆ ಮಾತ್ರ ಅಂಟುವುದಿಲ್ಲ. ಈಗ ನೀವು ಬರೆದುಕೊಂಡ ಎಲಿಮೆಂಟ್‌ಫಾರ್ಮ್‌ಡಿಫಾಲ್ಟ್ ನೋಡಿ. ‘ಕ್ವಾಲಿಫೈಡ್’ ಎಂದಿದ್ದರೆ ಒಳಗಿನ ಮಕ್ಕಳಿಗೂ ಊರು ಬೇಕು. ವಿಐಇಎಸ್ ಇಂಥದ್ದು. ಚೆಕ್‌ವ್ಯಾಟ್ ಎಂಬ ಹೊರಟ್ಯಾಗಿಗೂ ಅದರೊಳಗಿನ ಕಂಟ್ರಿಕೋಡ್, ವ್ಯಾಟ್‌ನಂಬರ್‌ಗಳಿಗೂ ಒಂದೇ ನೇಮ್‌ಸ್ಪೇಸ್. ‘ಅನ್‌ಕ್ವಾಲಿಫೈಡ್’ ಎಂದಿದ್ದರೆ ಹೊರಗಿನ ಟ್ಯಾಗಿಗೆ ಊರು ಬೇಕು, ಮಕ್ಕಳಿಗೆ ಇರಲೇಬಾರದು. ಏನೂ ಬರೆದಿಲ್ಲದಿದ್ದರೆ? ಸಂದೇಶದ ರಚನೆ ಹೇಳುವ ಸ್ಕೀಮಾದ ನಿಯಮದ ಪ್ರಕಾರ ಅದು ಅನ್‌ಕ್ವಾಲಿಫೈಡ್. ಬರೆಯದೆ ಬಿಟ್ಟದ್ದನ್ನು ಓದುವವರು ಗಮನಿಸುವುದಿಲ್ಲವಾದ್ದರಿಂದ ಹೆಚ್ಚು ಜನ ಬೀಳುವುದು ಈ ಹಳ್ಳಕ್ಕೇ.

ಮೇಲೆ ಹೇಳಿದ ‘ಗ್ರಾಹಕರ ಸಂಖ್ಯೆ ಕೊಟ್ಟಿಲ್ಲ’ ಎಂಬ ಉತ್ತರವೂ ಹೀಗೇ ಬಂದದ್ದು. ಸೇವೆ ಅನ್‌ಕ್ವಾಲಿಫೈಡ್ ಆಗಿತ್ತು. ನಮ್ಮ ಹುಡುಗರು ಹೊರಟ್ಯಾಗಿನಲ್ಲಿ ಡಿಫಾಲ್ಟ್ ನೇಮ್‌ಸ್ಪೇಸ್ ಹಾಕಿದ್ದರು, ಮಕ್ಕಳಿಗೂ ಊರು ಅಂಟಿತು. ಸರ್ವರ್ ಊರಿಲ್ಲದ ಗ್ರಾಹಕ ಸಂಖ್ಯೆಯನ್ನು ಹುಡುಕಿತು, ಸಿಗಲಿಲ್ಲ. ಪರಿಹಾರ ಸುಲಭ: ಹೊರಟ್ಯಾಗಿಗೆ ಪ್ರಿಫಿಕ್ಸ್ ಕೊಡಿ, ಮಕ್ಕಳನ್ನು ಬರಿದೇ ಬಿಡಿ. ನನ್ನ ಮಾತು ಕೇಳುವುದಾದರೆ ಸೋಪ್‌ನಲ್ಲಿ ಡಿಫಾಲ್ಟ್ ನೇಮ್‌ಸ್ಪೇಸ್ ಬಳಸಲೇಬೇಡಿ. ಪ್ರಿಫಿಕ್ಸ್ ಇದ್ದರೆ ಯಾವ ಟ್ಯಾಗ್ ಯಾವ ಊರಿನದು ಎಂದು ಓದುವವರಿಗೂ ತಿಳಿಯುತ್ತದೆ.

ಕೆಲವೊಮ್ಮೆ ನಿಮ್ಮ ಲೈಬ್ರರಿಯೇ ಮಕ್ಕಳ ಮೇಲೆ ಖಾಲಿ ಎಕ್ಸ್‌ಎಂಎಲ್‌ಎನ್‌ಎಸ್ ಬರೆದಿರುತ್ತದೆ. ಅದನ್ನು ರಿಪ್ಲೇಸ್ ಮಾಡಿ ಅಳಿಸುವ ಅಡ್ಡದಾರಿಯನ್ನು ಹಲವರು ಹೇಳಿಕೊಡುತ್ತಾರೆ. ಬೇಡ. ಕ್ವಾಲಿಫೈಡ್ ಸೇವೆಯಲ್ಲಿ ಅದು ಕಂಡರೆ, ಮಗುವನ್ನು ಊರಿಲ್ಲದೆ ಸೃಷ್ಟಿಸಿದ್ದೀರಿ ಎಂದರ್ಥ. ಜಾವಾದಲ್ಲಾದರೆ ಕ್ರಿಯೇಟ್‌ಎಲಿಮೆಂಟ್ ಬಿಟ್ಟು ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್ ಬಳಸಿ, ಅದು ತಾನಾಗಿ ಮಾಯವಾಗುತ್ತದೆ.

ಟ್ಯಾಲಿ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು. ನಮ್ಮ ಬೆಂಗಳೂರಿನ ಈ ಲೆಕ್ಕಪತ್ರ ತಂತ್ರಾಂಶ ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ ಸ್ವೀಕರಿಸುತ್ತದೆ. ಅದರಲ್ಲೂ ಎನ್ವಲಪ್, ಹೆಡರ್, ಬಾಡಿ ಇವೆ. ಹೆಸರು ನೋಡಿ ಸೋಪ್ ಲೈಬ್ರರಿ ಹಚ್ಚಬೇಡಿ. ಅದು ಸೋಪ್ ಅಲ್ಲ.

ಹಂತ 4: ಲೈಬ್ರರಿಯಿಂದಲೇ ಕಟ್ಟಿ

ಸ್ಟ್ರಿಂಗ್‌ಗೆ ಸ್ಟ್ರಿಂಗ್ ಅಂಟಿಸಿ ಎಕ್ಸ್‌ಎಂಎಲ್ ಮಾಡಬೇಡಿ. ಅಂಗಡಿಯ ಹೆಸರಿನಲ್ಲಿ ‘&’ ಇರುವ ಮೊದಲ ಗ್ರಾಹಕ ಬಂದ ದಿನ ಅದು ಮುರಿಯುತ್ತದೆ. ಪೈಥಾನ್‌ಗೆ ಝೀಪ್ ಎಂಬ ಲೈಬ್ರರಿ ಸಾಕು. ಸ್ಕೀಮಾದಲ್ಲಿ ‘ಸೀಕ್ವೆನ್ಸ್’ ಎಂದಿದ್ದರೆ ಟ್ಯಾಗ್‌ಗಳ ಅನುಕ್ರಮವೂ ತಪ್ಪಬಾರದು. ಸಂದೇಶಕ್ಕೆ ಡಿಜಿಟಲ್ ಸಹಿ ಹಾಕುವುದಿದ್ದರೆ ಸಹಿಯ ನಂತರ ಅಂದವಾಗಿ ಕಾಣಲೆಂದು ಹೊಸ ಸಾಲು, ಖಾಲಿ ಜಾಗ ಸೇರಿಸಬೇಡಿ. ಸಹಿ ತಾಳೆಯಾಗುವುದಿಲ್ಲ.

ಹಂತ 5: ಕಳಿಸಿ

ಸೋಪ್ 1.1ಕ್ಕೆ ಕಂಟೆಂಟ್‌ಟೈಪ್ ಟೆಕ್ಸ್ಟ್/ಎಕ್ಸ್‌ಎಂಎಲ್, ಜೊತೆಗೆ ಸೋಪ್‌ಆಕ್ಷನ್ ಹೆಡರ್. 1.2ಕ್ಕೆ ಅಪ್ಲಿಕೇಷನ್/ಸೋಪ್+ಎಕ್ಸ್‌ಎಂಎಲ್. ಎಕ್ಸ್‌ಎಂಎಲ್ ಘೋಷಣೆಯ ಸಾಲಿಗಿಂತ ಮೊದಲು ಒಂದು ಖಾಲಿ ಜಾಗವೂ ಇರಕೂಡದು.

ಕನ್ನಡ ಪಠ್ಯ ಕಳಿಸುವವರು ಕಂಟೆಂಟ್‌ಲೆಂಗ್ತ್ (ಸಂದೇಶದ ಉದ್ದ) ಅನ್ನು ಕೈಯಾರೆ ಲೆಕ್ಕ ಹಾಕಬೇಡಿ. ಅದು ಬೈಟ್‌ಗಳ ಲೆಕ್ಕ. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಪ್ರಕಾರ 5 ಸಂಕೇತಗಳಿವೆ (ಒತ್ತಕ್ಷರ ಮಾಡುವ ಹಲಂತ ಚಿಹ್ನೆಯೂ ಸೇರಿ). ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಸಂಕೇತ ಎಣಿಸಿ 5 ಎಂದು ಕೊಟ್ಟರೆ ಸಂದೇಶದ ಬಾಲ ತುಂಡಾಗುತ್ತದೆ. ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಪರೀಕ್ಷೆಯ ಮೊದಲ ಗ್ರಾಹಕರ ಹೆಸರು ಕನ್ನಡದಲ್ಲಿರಲಿ.

ಹಂತ 6: ಉತ್ತರ ಓದಿ

ಮೊದಲು ಬಾಡಿಯೊಳಗೆ ಫಾಲ್ಟ್ ಎಂಬ ದೋಷದ ಟ್ಯಾಗ್ ಇದೆಯೇ ನೋಡಿ, ಆಮೇಲೆ ಉಳಿದದ್ದು. ಇಲ್ಲೂ ನೇಮ್‌ಸ್ಪೇಸ್ ಕಾಡುತ್ತದೆ. ಟ್ಯಾಗ್ ಹುಡುಕಲು ಬಳಸುವ ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರೆಂದರೆ ಊರಿಲ್ಲದ ಟ್ಯಾಗ್ ಎಂದೇ ಅರ್ಥ. ಉತ್ತರ ಡಿಫಾಲ್ಟ್ ನೇಮ್‌ಸ್ಪೇಸ್‌ನಲ್ಲಿ ಬಂದಿದ್ದರೆ ಬರೇ ‘ವ್ಯಾಲಿಡ್’ ಎಂದು ಹುಡುಕಿದರೆ ಏನೂ ಸಿಗದು. ನಿಮ್ಮದೇ ಪ್ರಿಫಿಕ್ಸ್ ಒಂದನ್ನು ಆ ಊರಿಗೆ ನೋಂದಾಯಿಸಿ ಹುಡುಕಿ. ಊರು ಬಿಟ್ಟು ಹೆಸರನ್ನಷ್ಟೇ ನೋಡುವ ಲೋಕಲ್‌ನೇಮ್ ಎಂಬ ಅಡ್ಡದಾರಿ ಇವತ್ತು ನಡೆದೀತು. ಬೇರೆ ಊರಿನ ಇನ್ನೊಬ್ಬ ಮಂಜುನಾಥ ಸಂದೇಶದೊಳಗೆ ಬಂದ ದಿನ ತಪ್ಪು ಮೌಲ್ಯ ಕೈಗೆ ಬರುತ್ತದೆ.

ಪಾರ್ಸರ್‌ನಲ್ಲಿ ಡಿಟಿಡಿ (ಎಕ್ಸ್‌ಎಂಎಲ್‌ನ ರಚನೆ ಹೇಳುವ ಹಳೆಯ ಬಗೆಯ ಘೋಷಣೆ) ಓದುವುದನ್ನು ನಿಲ್ಲಿಸಿಡಿ. ಸೋಪ್ ಸಂದೇಶದಲ್ಲಿ ಡಿಟಿಡಿ ಇರಬಾರದೆಂದು ನಿಯಮವೇ ಇದೆ. ಅದರ ಮೂಲಕ ಸರ್ವರ್‌ನ ಕಡತಗಳನ್ನು ಕದಿಯಲು ಸಾಧ್ಯ.

ವಿಐಇಎಸ್ ಉತ್ತರದಲ್ಲಿ ಹೆಸರು, ವಿಳಾಸದ ಜಾಗದಲ್ಲಿ ಮೂರು ಅಡ್ಡಗೆರೆ ಬರುವುದುಂಟು. ಕೆಲವು ದೇಶಗಳು ಆ ವಿವರ ಕೊಡುವುದಿಲ್ಲ. ಆ ಗೆರೆಗಳನ್ನೇ ಬಿಲ್ಲಿನ ಮೇಲೆ ಮುದ್ರಿಸಬೇಡಿ. ಪರಿಶೀಲಿಸಿದ್ದಕ್ಕೆ ದಾಖಲೆ ಬೇಕಿದ್ದು ನಿಮ್ಮ ಕಂಪನಿಗೂ ಯುರೋಪಿನ ವ್ಯಾಟ್ ಸಂಖ್ಯೆ ಇದ್ದರೆ, ಚೆಕ್‌ವ್ಯಾಟ್ ಬದಲು ಚೆಕ್‌ವ್ಯಾಟ್‌ಅಪ್ರಾಕ್ಸ್ ಕರೆದು ಆ ಸಂಖ್ಯೆಯನ್ನೂ ಕೊಡಿ. ಉತ್ತರದಲ್ಲಿ ವಿಚಾರಣೆಯ ಗುರುತಿನ ಸಂಖ್ಯೆ ಬರುತ್ತದೆ, ಅದನ್ನು ಬಿಲ್ಲಿನ ಜೊತೆಗೇ ಉಳಿಸಿಡಿ.