ಒಂದೇ ಕಾರು, ಎರಡು ಸಲ ಕಟ್ಟಿ: ಮನೆಯ ಗ್ಯಾರೇಜಿನಲ್ಲಿ ಹಳೇ ಶೈಲಿಯ ಹಾಟ್ ರಾಡ್

ಹಾಟ್ ರಾಡ್, ಅಂದರೆ ವೇಗಕ್ಕೆಂದು ಮಾರ್ಪಡಿಸಿದ ಹಳೇ ಕಾರು, ಕಟ್ಟಲು ಹೊರಟವರು ಮೊದಲ ದಿನವೇ ಗ್ರೈಂಡರ್ ಹಿಡಿದು ಕಾರಿನ ಛಾವಣಿ ಕತ್ತರಿಸುತ್ತಾರೆ. ತಗ್ಗಿದ ಛಾವಣಿ ನೋಡೋಕೆ ಚೆಂದ, ಅಲ್ವಾ? ಆಮೇಲೆ ಎರಡು ವರ್ಷ ಆ ಕಾರು ಟಾರ್ಪಾಲಿನಡಿ ಮಲಗಿರುತ್ತದೆ. ಕೊನೆಗೆ "ಅರ್ಧ ಕೆಲಸ ಮುಗಿದಿದೆ" ಅಂತ ಮಾರಾಟಕ್ಕೆ ಬರುತ್ತದೆ.

ನಾನು ಕೊಂಡದ್ದು ಅಂಥದೊಂದನ್ನೇ. 1931ರ ಫೋರ್ಡ್ ಮಾಡೆಲ್ ಎ ಕೂಪೆ. ಎರಡು ಬಾಗಿಲು, ಒಂದೇ ಸಾಲು ಸೀಟು. ಛಾವಣಿ ಮೂರು ಇಂಚು ತಗ್ಗಿತ್ತು. ಅಳೆದು ನೋಡಿದರೆ ಬಲಗಡೆ ಇನ್ನೂ ಕಾಲಿಂಚು ಜಾಸ್ತಿ ತಗ್ಗಿತ್ತು. ಮಾರಿದವನಿಗೂ ಅದು ಗೊತ್ತಿರಲಿಲ್ಲ, ಪಾಪ. ಅಮೆರಿಕದ ಒಹಾಯೋದ ಎರಡು ಚಳಿಗಾಲ ನನ್ನ ಗ್ಯಾರೇಜಿನಲ್ಲಿ ಆ ಕಾಲಿಂಚಿಗೇ ಹೋಯಿತು. ಅದಕ್ಕೇ ಈ ಲೇಖನದಲ್ಲಿ ಛಾವಣಿ ಕತ್ತರಿಸುವ ಮಾತು ಕೊನೆಗೆ ಬರುತ್ತದೆ.

ಮೊದಲು "ಹಳೇ ಶೈಲಿ" ಅಂದರೆ ಏನು ಅನ್ನುವುದು ಸ್ಪಷ್ಟವಾಗಲಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ಮೇಲೆ ಹಳೇ ಫೋರ್ಡ್‌ಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಅವರ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಒಂದು ಸಂಘ ಕಟ್ಟಿಕೊಂಡವು. ಯುದ್ಧ ಮುಗಿದ ಮೇಲೆ ಈ ಹುಚ್ಚು ಇನ್ನೂ ಹಬ್ಬಿತು. ಮಾಡೆಲ್ ಎ ಬೇಕಾದಷ್ಟಿತ್ತು. 1928ರಿಂದ 1931ರವರೆಗೆ ಸುಮಾರು 48 ಲಕ್ಷ ಕಾರು ಹೊರಬಂದಿದ್ದವು. ಅದರ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಇದ್ದದ್ದು 40 ಅಶ್ವಶಕ್ತಿ. 1932ರಲ್ಲಿ ಫೋರ್ಡ್ ತನ್ನ ಅಗ್ಗದ ಕಾರಿಗೇ 65 ಅಶ್ವಶಕ್ತಿಯ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರಿನ ಎಂಜಿನ್) ಕೂರಿಸಿತು. ಹಗುರ ಬಾಡಿ, ದೊಡ್ಡ ಎಂಜಿನ್, ಬೇಡದ್ದೆಲ್ಲ ಕಿತ್ತು ಬಿಸಾಕಿದ್ದು: ಹಾಟ್ ರಾಡ್ ಅಂದರೆ ಇಷ್ಟೇ. ಯಾವುದನ್ನು ಹಾಕಬೇಕು, ಯಾವುದು ಬೇಡ ಅನ್ನುವ ಗೊಂದಲ ಬಂದಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. 1950ರ ಸುಮಾರಿನ ಹುಡುಗನಿಗೆ ಇದು ಗುಜರಿಯಲ್ಲಿ ಸಿಗುತ್ತಿತ್ತೇ? ಸಿಗುತ್ತಿತ್ತು ಅಂದರೆ ಹಾಕಬಹುದು.

ಊರಲ್ಲಿರುವ ಓದುಗರಿಗೆ ಒಂದು ಮಾತು. ಕಂಪನಿ ಮಾಡಿದ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಬೆಂಗಳೂರಿನಲ್ಲಿ ಇಂಥದನ್ನು ಕಟ್ಟಿ ರಸ್ತೆಗಿಳಿಸುವ ಯೋಚನೆ ಬೇಡ. ಅಮೆರಿಕದಲ್ಲೂ ರಾಜ್ಯಕ್ಕೊಂದು ನಿಯಮವಿದೆ. ದುಡ್ಡು ಕೊಡುವ ಮೊದಲು ವಿಚಾರಿಸಿ.

ಕಾಗದ, ಆಮೇಲೆ ಕಬ್ಬಿಣ

ಕಾರಿನ ನಂಬರು ಚಾಸಿಯ ಎಡಗಡೆಯ ಉದ್ದ ಪಟ್ಟಿಯ ಮೇಲ್ಭಾಗದಲ್ಲಿ ಕೊರೆದಿರುತ್ತದೆ. ಬಾಡಿ ಎತ್ತದೆ ಅದು ಕಾಣುವುದಿಲ್ಲ. ಕಾಗದದಲ್ಲಿರುವ ನಂಬರಿಗೆ ಅದು ತಾಳೆಯಾಗಬೇಕು. ಸಿಕ್ಕ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ. ಆ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ.

ಬಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ, ಬಟ್ಟೆ ಸುತ್ತಿ ಇಟ್ಟುಕೊಂಡಿರಿ. ಬಾಗಿಲ ಕೆಳಭಾಗ, ಡಿಕ್ಕಿಯ ಅಂಚು, ಛಾವಣಿ ಹೊತ್ತ ಮುಂಬದಿಯ ಕಂಬದ ಬುಡ ಇಲ್ಲೆಲ್ಲ ಇಟ್ಟು ನೋಡಿ. ಹಿಡಿಯದಿದ್ದರೆ ಒಳಗೆ ಇರುವುದು ತೂತು ಮುಚ್ಚಲು ಮೆತ್ತಿದ ಪುಟ್ಟಿ, ತಗಡಲ್ಲ. ಮಾಡೆಲ್ ಎ ಛಾವಣಿಯ ಒಳಗಿನ ಚೌಕಟ್ಟು ಮರದ್ದು. ಅದು ಗೆದ್ದಲು ತಿಂದಂತೆ ಪುಡಿಯಾಗಿದ್ದರೂ ಹೆದರಬೇಡಿ, ಹೊಸದು ಸಿಗುತ್ತದೆ. ಬಾಡಿಯ ಅಡಿಯ ಉದ್ದ ಪಟ್ಟಿಗಳು ತುಕ್ಕು ತಿಂದಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ. ಟಿಂಕರಿಂಗ್ ಬಲ್ಲವರಿಗೂ ಅದು ಬೇಸರದ ಕೆಲಸ.

ಮೊದಲ ಸಲ: ಸುಳ್ಳು ಕಾರು

ಈ ಹಂತವನ್ನು ಬಿಟ್ಟವರೇ ಜಾಸ್ತಿ. ನಾನೂ ಬಿಡುತ್ತಿದ್ದೆ. ಪಕ್ಕದ ಬೀದಿಯ ಅಜ್ಜ ಒಬ್ಬರು, ಜೀವನವಿಡೀ ಲೇತಿನ ಮುಂದೆ ನಿಂತವರು, ನನ್ನ ಕೈಯಿಂದ ವೆಲ್ಡಿಂಗ್ ಗನ್ ಇಸಿದುಕೊಂಡು ಕೆಳಗಿಟ್ಟರು. "ಮೊದಲು ಚಕ್ರ ತಾ" ಅಂದರು.

ಅವರ ಮಾತಿನ ಅರ್ಥ ಇದು. ಇಡೀ ಕಾರನ್ನು ಮೊದಲು ಸುಮ್ನೆ ಜೋಡಿಸಿ ನಿಲ್ಲಿಸಬೇಕು. ಖಾಲಿ ಎಂಜಿನ್ ಬ್ಲಾಕು, ಖಾಲಿ ಗೇರ್‌ಬಾಕ್ಸಿನ ಚಿಪ್ಪು, ಆಕ್ಸಲ್, ಬಾಡಿ, ರೇಡಿಯೇಟರ್, ಎಲ್ಲ. ಯಾವುದಕ್ಕೂ ಪೂರ್ತಿ ವೆಲ್ಡಿಂಗ್ ಇಲ್ಲ, ಅಲ್ಲಲ್ಲಿ ಒಂದೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಮಾತ್ರ. ತಪ್ಪಿದ್ದರೆ ಒಂದು ಏಟಿಗೆ ಬಿಚ್ಚಿಕೊಳ್ಳುವಂತಿರಬೇಕು.

ಕಾರಿನ ನಿಲುವು ಚಕ್ರದಿಂದ ಶುರುವಾಗುತ್ತದೆ. ನಾನು ಹಾಕಿದ್ದು 1940ರ ಫೋರ್ಡಿನ 16 ಇಂಚಿನ ಉಕ್ಕಿನ ಚಕ್ರಗಳು. ಮುಂದೆ 6.00-16, ಹಿಂದೆ 7.50-16 ಟೈರು. ಹಿಂದಿನದು ದೊಡ್ಡದಾದಷ್ಟೂ ಕಾರು ಮೂಗು ತಗ್ಗಿಸಿ ಹೊಂಚು ಹಾಕಿದಂತೆ ಕಾಣುತ್ತದೆ. ಮುಂದಿನ ಆಕ್ಸಲ್ ನಾಲ್ಕು ಇಂಚು ಬಾಗಿಸಿದ್ದು. ಅಂದರೆ ಎರಡು ತುದಿಗಳು ಮೇಲೆದ್ದಿರುತ್ತವೆ, ನಡುಭಾಗ ಅಷ್ಟು ಕೆಳಗಿಳಿಯುತ್ತದೆ. ಸ್ಪ್ರಿಂಗ್ ಮುಟ್ಟದೆ ಕಾರನ್ನು ತಗ್ಗಿಸುವ ಉಪಾಯ ಇದು.

ಇಲ್ಲೊಂದು ಮೋಸವಿದೆ. ಖಾಲಿ ಬ್ಲಾಕಿಗೆ ತೂಕವಿಲ್ಲ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಕುಗ್ಗದೆ ಎದ್ದು ನಿಂತಿರುತ್ತದೆ. ಅದನ್ನು ನೋಡಿ ಇನ್ನೂ ತಗ್ಗಿಸೋಣ ಅಂತ ಹೊರಟರೆ, ಕಾರು ಮುಗಿದ ದಿನ ಆಕ್ಸಲ್ ಚಾಸಿಗೆ ಬಡಿಯುತ್ತದೆ. ಅದಕ್ಕೆ ಜೋಡಣೆಯ ಹೊತ್ತಿಗೆ ಮುಖ್ಯ ಪಟ್ಟಿ ಮತ್ತು ಒಂದೆರಡು ಮಾತ್ರ ಉಳಿಸಿ, ಮಿಕ್ಕ ಪಟ್ಟಿಗಳನ್ನು ತೆಗೆದಿಡಿ. ಆಗ ಸ್ಪ್ರಿಂಗ್ ನಿಜವಾದ ತೂಕ ಹೊತ್ತ ಹಾಗೆ ಕೂರುತ್ತದೆ.

ನೆಲಕ್ಕೆ ಸೀಮೆಸುಣ್ಣದ ದಾರದಿಂದ ನಡುಗೆರೆ ಎಳೆಯಿರಿ. ತೂಗುಗುಂಡು ಬಿಟ್ಟು ಆಕ್ಸಲ್ಲಿನ ಎರಡು ತುದಿಗಳನ್ನೂ ಅದಕ್ಕೆ ಅಳೆಯಿರಿ. ಆಮೇಲೆ ಗ್ಯಾರೇಜಿನ ಬಾಗಿಲು ಎತ್ತಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ. ಹತ್ತಿರದಿಂದ ನಿಲುವು ತಿಳಿಯುವುದಿಲ್ಲ. ಮಾರನೇ ದಿನ ಇನ್ನೊಮ್ಮೆ ನೋಡಿ. ಒಳಗೆ ಒಂದು ದಿಂಬು ಹಾಕಿ ಕೂತೂ ನೋಡಿ. ಕ್ಲಚ್ ತುಳಿದಾಗ ಮೊಣಕಾಲು ಸ್ಟೀರಿಂಗಿಗೆ ತಾಗಿದರೆ ಈಗಲೇ ತಿಳಿಯಬೇಕು.

ಚಾಸಿ, ಸ್ಟೀರಿಂಗ್, ಬ್ರೇಕು

ಮಾಡೆಲ್ ಎ ಚಾಸಿಯ ಪಟ್ಟಿಗಳು ಒಂದು ಬದಿ ತೆರೆದಿರುತ್ತವೆ. 40 ಅಶ್ವಶಕ್ತಿಗೆ ಅದು ಸಾಕಿತ್ತು, ವಿ8 ಹೊತ್ತರೆ ತಿರುಚಿಕೊಳ್ಳುತ್ತದೆ. ತೆರೆದ ಬದಿಗೆ ಉಕ್ಕಿನ ಪಟ್ಟಿ ಮುಚ್ಚಿ ಪೆಟ್ಟಿಗೆಯಂತೆ ಮಾಡಬೇಕು. ಒಂದೇ ಓಟದಲ್ಲಿ ವೆಲ್ಡ್ ಮಾಡಿದರೆ ಚಾಸಿ ಬಾಳೆಹಣ್ಣಿನಂತೆ ಬಾಗುತ್ತದೆ. ಎಡಗಡೆ ಎರಡು ಇಂಚು, ಬಲಗಡೆ ಎರಡು ಇಂಚು, ಆರುವವರೆಗೆ ಕಾಫಿ. ನಡುನಡುವೆ ಮೂಲೆಯಿಂದ ಮೂಲೆಗೆ ಅಳೆಯುತ್ತಿರಿ. ಎರಡು ಅಳತೆಯೂ ಒಂದೇ ಇರಬೇಕು.

ವೆಲ್ಡಿಂಗಿಗೆ ಮೊದಲು ತಗಡು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಆ ದ್ರವದ ಪಸೆ ಕಿಡಿಯ ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷದ ಗಾಳಿಯಾಗುತ್ತದೆ. ಇದು ತಮಾಷೆಯ ಮಾತಲ್ಲ.

ಮುಂದಿನ ಆಕ್ಸಲ್ಲನ್ನು ಹಿಡಿದಿಡುವ, ವಿ ಆಕಾರದ ವಿಶ್‌ಬೋನನ್ನು ಫೋರ್ಡ್ ಒಂದೇ ನಡುಬಿಂದುವಿಗೆ ಸಿಕ್ಕಿಸಿತ್ತು. ವಿ8 ಗೇರ್‌ಬಾಕ್ಸಿಗೆ ಜಾಗ ಬಿಡಲು ಅದನ್ನು ಸೀಳಿ, ಎರಡು ತುದಿಗಳನ್ನು ಚಾಸಿಯ ಎರಡು ಬದಿಗೆ ಕಟ್ಟುವುದು ಹಳೇ ರೂಢಿ. ಹೀಗೆ ಮಾಡಿದಾಗ ಒಂದು ಚಕ್ರ ಹಳ್ಳಕ್ಕಿಳಿದರೆ ಆಕ್ಸಲ್ಲೇ ಸ್ವಲ್ಪ ತಿರುಚಿಕೊಳ್ಳಬೇಕಾಗುತ್ತದೆ. ಐ ಆಕಾರದ ಹಳೇ ಫೋರ್ಡ್ ಆಕ್ಸಲ್ ಆ ತಿರುಚನ್ನು ತಾಳುತ್ತದೆ. ಕೊಳವೆಯಾಕಾರದ್ದು ತಾಳುವುದಿಲ್ಲ. ಸೀಳಿದ ವಿಶ್‌ಬೋನಿಗೆ ಕೊಳವೆ ಆಕ್ಸಲ್ ಹಾಕಬೇಡಿ.

ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟ) 5ರಿಂದ 7 ಡಿಗ್ರಿ ಹಿಂದಕ್ಕೆ ವಾಲಿರಲಿ. ಸೈಕಲ್ಲಿನ ಮುಂದಿನ ಫೋರ್ಕ್ ಓರೆ ಇರುತ್ತದಲ್ಲ, ಅದೇ ಲೆಕ್ಕ. ಆಗಲೇ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು. ಸ್ಟೀರಿಂಗ್ ಬಾಕ್ಸಿಗೆ 1948-52ರ ಫೋರ್ಡ್ ಎಫ್-1 ಟ್ರಕ್ಕಿನದು ಗಟ್ಟಿ.

ಬ್ರೇಕಿನಲ್ಲಿ ಹೆನ್ರಿ ಫೋರ್ಡರ ಹಟ ನಮಗೆ ತಲೆನೋವು. ಬೇರೆ ಕಂಪನಿಗಳು ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಬ್ರೇಕಿಗೆ ಹೋದ ಮೇಲೂ ಅವರು ಕಂಬಿಯ ಬ್ರೇಕನ್ನೇ ನಂಬಿದ್ದರು. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬಂದದ್ದು 1939ಕ್ಕೆ. 1939ರಿಂದ 48ರವರೆಗಿನ ಆ ಬ್ರೇಕುಗಳು ನಮ್ಮ ಹಳೇ ಆಕ್ಸಲ್ಲಿಗೆ ಹೊಂದುತ್ತವೆ, 1950ರ ಹುಡುಗನೂ ಅದನ್ನೇ ಹಾಕಿದ್ದ. ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ವಿಷಯದಲ್ಲಿ ಮಾತ್ರ ನಾನು ಅವನ ಮಾತು ಕೇಳಲಿಲ್ಲ. ಅವನದು ಒಂದೇ ಕೋಣೆಯದು, ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಮುಂದಕ್ಕೊಂದು, ಹಿಂದಕ್ಕೊಂದು ಕೋಣೆಯಿರುವುದನ್ನು ಹಾಕಿ. ನೆಲದಡಿ ಕೂರುವ ವಸ್ತು, ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಚಕ್ರದ ಸಿಲಿಂಡರಿಗಿಂತ ಕೆಳಗಿರುವುದರಿಂದ ಎಣ್ಣೆ ಹಿಂದಕ್ಕೆ ಹರಿಯದಂತೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹಿಡಿದಿಡುವ ವಾಲ್ವ್ ಬೇಕು. ಕೊಳವೆ ಉಕ್ಕಿನದೇ ಇರಲಿ, ತಾಮ್ರ ಬೇಡ.

ಎಂಜಿನ್: ದುಡ್ಡು ಸುರಿಯುವ ಮೊದಲು

1949-53ರ ಫೋರ್ಡ್ ಫ್ಲಾಟ್‌ಹೆಡ್ ವಿ8, 239 ಘನ ಇಂಚಿನದು, ಇವತ್ತಿಗೂ ಅಲ್ಲಿಲ್ಲಿ ಸಿಗುತ್ತದೆ. ಅದೇ ಕಾಲದ ಮರ್ಕ್ಯುರಿ ಎಂಜಿನ್ 255 ಘನ ಇಂಚಿನದು. ಸಿಕ್ಕರೆ ಬಿಡಬೇಡಿ.

ಈ ಎಂಜಿನ್ನಿನ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಇವೆ. ಹಾಗಾಗಿ ಹೊಗೆ ಹೊರಗೆ ಹೋಗಲು ಬ್ಲಾಕಿನ ಒಳಗಿಂದಲೇ ಸಿಲಿಂಡರುಗಳ ನಡುವೆ ಹಾದು ಬರಬೇಕು. ಆ ಬಿಸಿಯೆಲ್ಲ ನೀರಿಗೆ. ಫ್ಲಾಟ್‌ಹೆಡ್ ಕುದಿಯುತ್ತದೆ ಎಂಬ ದೂರಿನ ಮೂಲ ಇಲ್ಲಿದೆ. ಬ್ಲಾಕಿನಲ್ಲಿ ಬಿರುಕು ಬೀಳುವುದೂ ಇದರಿಂದಲೇ, ಹೆಚ್ಚಾಗಿ ವಾಲ್ವಿನ ಸೀಟಿನಿಂದ ಸಿಲಿಂಡರಿನ ಕಡೆಗೆ.

ಆದ್ದರಿಂದ ಬ್ಲಾಕನ್ನು ತೊಳೆಸಿ, ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವ ಪರೀಕ್ಷೆ ಮಾಡಿಸಿ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಪಿಸ್ಟನ್ ಕೊಳ್ಳುವುದು, ಬೋರ್ ಮಾಡಿಸುವುದು ಎಲ್ಲ ಅದಾದ ಮೇಲೆ. ನಾನು ಮೊದಲು ತಂದ ಬ್ಲಾಕಿನಲ್ಲಿ ಮೂರು ಗೆರೆ ಕಂಡವು. ಅದೀಗ ಗ್ಯಾರೇಜಿನಲ್ಲಿ ಸ್ಟೂಲು. ಎರಡನೆಯದು ಪಾಸಾಯಿತು. ಅದರ ನೀರಿನ ದಾರಿಗಳಿಂದ ಅಚ್ಚು ಎರೆದ ಕಾಲದ ಮರಳು, ತುಕ್ಕು ಸೇರಿ ಡಬ್ಬಿಗಟ್ಟಲೆ ಹೊರಬಂತು. ಉದ್ದ ಕಂಬಿ ತೂರಿಸಿ, ಕುಟ್ಟಿ, ತೊಳೆದು, ಮತ್ತೆ ಕುಟ್ಟಿ ತೆಗೆಯಬೇಕು. ದೊಡ್ಡ ರೇಡಿಯೇಟರಿಗೆ ಹಣ ಹಾಕುವುದಕ್ಕಿಂತ ಈ ಒಂದು ವಾರದ ಕೆಲಸ ಹೆಚ್ಚು ತಂಪು ಕೊಡುತ್ತದೆ.

ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬೊರೇಟರುಗಳು. ಇವು ಎರಡೂವರೆ ಪಿಎಸ್‌ಐಗಿಂತ ಜಾಸ್ತಿ ಪೆಟ್ರೋಲಿನ ಒತ್ತಡ ಇಷ್ಟಪಡುವುದಿಲ್ಲ. ಈಗಿನ ಎಲೆಕ್ಟ್ರಿಕ್ ಪಂಪು ಹಾಕುವುದಾದರೆ ನಡುವೆ ರೆಗ್ಯುಲೇಟರ್ ಇರಲೇಬೇಕು. ಇಲ್ಲವಾದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಉಕ್ಕುತ್ತದೆ. ಗೇರ್‌ಬಾಕ್ಸು 1939ರ ಫೋರ್ಡಿನ ಮೂರು ಗೇರಿನದು ಚೆನ್ನಾಗಿ ಹೊಂದುತ್ತದೆ.

ಮಾಡೆಲ್ ಎಯ ಪೆಟ್ರೋಲ್ ಟ್ಯಾಂಕು ಎಲ್ಲಿದೆ ಗೊತ್ತೇ? ಓಡಿಸುವವರ ಮೊಣಕಾಲಿನ ಎದುರಿಗೆ, ಡ್ಯಾಶ್‌ಬೋರ್ಡಿನ ಹಿಂದೆ. ಪಂಪಿಲ್ಲದೆ ಪೆಟ್ರೋಲ್ ತಾನಾಗಿ ಇಳಿಯಲಿ ಅಂತ ಹಾಗೆ ಮಾಡಿದ್ದರು. ಆ ಟ್ಯಾಂಕೇ ಬಾಡಿಯ ಹೊರಮೈಯೂ ಹೌದು, ಕಿತ್ತರೆ ಮುಂಭಾಗ ಸಡಿಲವಾಗುತ್ತದೆ. ನಾನು ಅದನ್ನು ಖಾಲಿ ಮಾಡಿ ಹಾಗೇ ಬಿಟ್ಟು, ಹೊಸ ಟ್ಯಾಂಕನ್ನು ಡಿಕ್ಕಿಯಲ್ಲಿ ಕೂರಿಸಿದೆ. ವೈರಿಂಗ್ 12 ವೋಲ್ಟಿಗೆ ಬದಲಿಸಿ, ಪ್ರತಿ ದಾರಿಗೂ ಫ್ಯೂಸ್ ಹಾಕಿ. ಇಲ್ಲಿ ಹಳೇ ಶೈಲಿಯ ಮೋಹ ಬೇಡ.

ಈಗ ಛಾವಣಿ

ಮಾಡೆಲ್ ಎಯ ಕಂಬಗಳು ಹೆಚ್ಚು ಕಡಿಮೆ ನೆಟ್ಟಗಿವೆ. ಓರೆ ಕಂಬದ ಕಾರುಗಳಲ್ಲಿ ಛಾವಣಿ ತಗ್ಗಿಸಿದರೆ ಮೇಲಿನ ಕಂಬ ಕೆಳಗಿನದರ ಮೇಲೆ ಕೂರದೆ ಪಕ್ಕಕ್ಕೆ ಹೋಗುತ್ತದೆ. ಇದರಲ್ಲಿ ಆ ತೊಂದರೆ ಕಡಿಮೆ.

ಬಾಗಿಲು ಹಾಕಿ, ಸುತ್ತ ಸಂದು ಸಮ ಇದೆಯೇ ನೋಡಿ. ಸಮವಿದ್ದಾಗಲೇ ಬಾಡಿಯ ಒಳಗೆ ಚೌಕ ಕೊಳವೆಗಳನ್ನು ಅಡ್ಡ, ಉದ್ದ, ಮೂಲೆಗೆ ವೆಲ್ಡ್ ಮಾಡಿ. ಇವು ಕೊನೆಗೆ ಕತ್ತರಿಸಿ ಎಸೆಯುವ ಊರುಗೋಲು. ಇವಿಲ್ಲದೆ ಕಂಬ ಕತ್ತರಿಸಿದರೆ ಬಾಡಿ ತನ್ನಿಷ್ಟಕ್ಕೆ ಸರಿಯುತ್ತದೆ. ನನ್ನ ಕಾರಿನ ಕಾಲಿಂಚು ಹೋದದ್ದು ಹೀಗೇ ಇರಬೇಕು.

ಪ್ರತಿ ಕಂಬಕ್ಕೂ ಟೇಪು ಸುತ್ತಿ ಎರಡು ಗೆರೆ ಹಾಕಿ, ನಡುವೆ ಮೂರು ಇಂಚು. ನೆಲದಿಂದ ಅಳೆಯಬೇಡಿ, ಕಿಟಕಿಯ ಕೆಳ ಅಂಚಿನಿಂದ ಅಳೆಯಿರಿ. ಎಲ್ಲ ಕಂಬಗಳಲ್ಲೂ ಒಂದೇ ಎತ್ತರದಲ್ಲಿ ಕೊಯ್ಯಬೇಡಿ. ಮೇಲಿನ ತುಂಡು, ಕೆಳಗಿನ ತುಂಡು ಒಂದೇ ದಪ್ಪ ಇರುವ ಜಾಗವನ್ನು ಕಂಬ ಕಂಬಕ್ಕೆ ಹುಡುಕಿ. ಗೆರೆಗಿಂತ ಕೂದಲೆಳೆ ಕಡಿಮೆ ಕೊಯ್ದು, ಉಳಿದದ್ದನ್ನು ಅರದಲ್ಲಿ ಉಜ್ಜಿ ತನ್ನಿ. ಇಬ್ಬರು ಛಾವಣಿ ಇಳಿಸಲಿ, ಒಬ್ಬರು ಅಳೆಯಲಿ. ಟ್ಯಾಕ್ ಹಾಕಿ, ಬಾಗಿಲು ತೆರೆದು ಮುಚ್ಚಿ ನೋಡಿ, ಆಮೇಲೆ ಪೂರ್ತಿ ವೆಲ್ಡಿಂಗ್. ಗಾಜು ಚಪ್ಪಟೆಯದೇ ಆದ್ದರಿಂದ ಎರಡು ಪದರದ ಲ್ಯಾಮಿನೇಟೆಡ್ ಗಾಜನ್ನು ಅಂಗಡಿಯಲ್ಲೇ ಅಳತೆಗೆ ಕೊಯ್ದು ಕೊಡುತ್ತಾರೆ.

ಕೊಯ್ಯುವ ಮೊದಲು ಒಳಗೆ ಕೂತು, ತಲೆಯ ಮೇಲೆ ಮೂರು ಇಂಚು ಉಳಿಯುತ್ತದೆಯೇ ನೋಡಿ. ಆರಡಿಯವರಾದರೆ ಎರಡೇ ಇಂಚಿಗೆ ನಿಲ್ಲಿಸಿ.

ಎರಡನೇ ಸಲ

ಬಣ್ಣವಿಲ್ಲದೆ, ಪ್ರೈಮರಿನಲ್ಲೇ ಕಾರನ್ನು ರಸ್ತೆಗಿಳಿಸಿ. ಒಂದು ಬೇಸಿಗೆ ಓಡಿಸಿ. ಮೊದಲ ಐವತ್ತು ಮೈಲಿ ಮನೆಯ ಸುತ್ತಮುತ್ತಲೇ, ಜೊತೆಗೆ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಮನೆಗೆ ಬಂದ ಮೇಲೆ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ, ಸ್ಟೀರಿಂಗಿನ ನಟ್ಟುಗಳಿಗೆಲ್ಲ ಸ್ಪ್ಲಿಟ್ ಪಿನ್ ಇದೆಯೇ ಎಣಿಸಿ. ಎಲ್ಲಿ ತಾಗುತ್ತದೆ, ಎಲ್ಲಿ ಸೋರುತ್ತದೆ, ಯಾವ ತೂತು ಮರೆತಿದ್ದೀರಿ, ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ನನ್ನ ಪಟ್ಟಿಯಲ್ಲಿ 43 ಸಾಲು ಇತ್ತು. ಹ್ಯಾಂಡ್‌ಬ್ರೇಕಿನ ಕಂಬಿಗೆ ದಾರಿಯನ್ನೇ ಬಿಟ್ಟಿರಲಿಲ್ಲ.

ಆ ಪಟ್ಟಿ ಕೈಯಲ್ಲಿ ಹಿಡಿದು ಇಡೀ ಕಾರನ್ನು ಕೊನೆಯ ಬೋಲ್ಟಿನವರೆಗೂ ಬಿಚ್ಚಿ. ಒಂದೊಂದು ಜಾಗದ ಬೋಲ್ಟನ್ನು ಒಂದೊಂದು ಚೀಲಕ್ಕೆ ಹಾಕಿ ಹೆಸರು ಬರೆದಿಡಿ. ತೂತು ಕೊರೆಯುವುದು, ವೆಲ್ಡ್ ಮಾಡುವುದು ಎಲ್ಲ ಮುಗಿದ ಮೇಲೆಯೇ ಬಣ್ಣ. ನನ್ನದು ಇನ್ನೂ ಕೆಂಪು ಪ್ರೈಮರಿನಲ್ಲೇ ಓಡುತ್ತಿದೆ. "ಯಾವಾಗ ಬಿಚ್ತೀರಿ?" ಅಂತ ಮನೆಯಲ್ಲಿ ಕೇಳುತ್ತಾರೆ. ನವೆಂಬರಿನಲ್ಲಿ ಮೊದಲ ಹಿಮ ಬೀಳಲಿ ಅಂದಿದ್ದೇನೆ.