ಪೆನ್ಸಿಲ್ ಸೆಲ್ ಹಾಳಾಗುವುದು ಚಾರ್ಜರ್‌ನಲ್ಲೇ

ನೂರಾರು ಸಲ ಚಾರ್ಜ್ ಮಾಡಬಹುದು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ವರ್ಷ ತುಂಬುವಷ್ಟರಲ್ಲಿ ಸೆಲ್ ಹತ್ತು ನಿಮಿಷಕ್ಕೇ ಸುಸ್ತಾಗುತ್ತದೆ. ಪೊಟ್ಟಣದ ಮಾತು ಸುಳ್ಳೇನಲ್ಲ. ರಿಚಾರ್ಜೆಬಲ್ ಸೆಲ್ ಬಳಸಿ ಸವೆಯುವುದಕ್ಕಿಂತ ಚಾರ್ಜರ್‌ನಲ್ಲಿ ಬಿಸಿಯಾಗಿ ಕೆಡುವುದೇ ಹೆಚ್ಚು. ಹಾಗಾಗಿ ದುಡ್ಡು ಹಾಕುವುದಿದ್ದರೆ ದುಬಾರಿ ಸೆಲ್‌ಗಿಂತ ಮೊದಲು ಒಳ್ಳೆಯ ಚಾರ್ಜರ್‌ಗೆ ಹಾಕಿ.

ಇಲ್ಲಿ ಹೇಳುವುದು ಮುಖ್ಯವಾಗಿ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ವಿಷಯ. ಆಟಿಕೆ, ಟಾರ್ಚ್, ವೈರ್‌ಲೆಸ್ ಮೌಸ್, ಕ್ಯಾಮೆರಾ ಫ್ಲಾಶ್‌ಗಳಿಗೆ ಹಾಕುವ ಡಬಲ್ ಎ, ಟ್ರಿಪಲ್ ಎ ಅಳತೆಯವು. ಮೊಬೈಲಿನ ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ, ಅದರ ಮಾತು ಕೊನೆಯಲ್ಲಿ.

ಮೊದಲು ಸೆಲ್ ಮೇಲಿನ ಬರಹ ಓದಿ

1.2 ವೋಲ್ಟ್ ಎಂದಿರುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ಇಳಿಯುತ್ತಾ ಹೋದರೆ, ಇದು ಖಾಲಿಯಾಗುವ ಹೊತ್ತಿನವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಉಪಕರಣದ ಬ್ಯಾಟರಿ ಗುರುತು ಅರ್ಧ ತೋರಿಸಿದರೆ ಗಾಬರಿ ಬೇಡ. ಪಕ್ಕದಲ್ಲಿ 2000 ಎಂಎಎಚ್ ಎಂಬಂಥ ಸಂಖ್ಯೆಯೂ ಇರುತ್ತದೆ, ಅದು ಸೆಲ್ ಹಿಡಿಯುವ ಚಾರ್ಜ್‌ನ ಅಳತೆ. ದೊಡ್ಡ ಸಂಖ್ಯೆಯೇ ಒಳ್ಳೆಯದು ಎನ್ನುವಂತಿಲ್ಲ. 2500 ಮತ್ತು ಅದಕ್ಕೂ ಮೇಲಿನವು ಸಾಮಾನ್ಯವಾಗಿ ಕಡಿಮೆ ಸಲ ಚಾರ್ಜ್ ತಡೆದುಕೊಳ್ಳುತ್ತವೆ. ಡಬಲ್ ಎ ನಿಕಲ್ ಸೆಲ್ ಮೇಲೆ 3000ಕ್ಕಿಂತ ಹೆಚ್ಚು ಬರೆದಿದ್ದರೆ ಅದನ್ನು ನಂಬಬೇಡಿ.

‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ರೆಡಿ ಟು ಯೂಸ್’ ಎಂದಿರುವುದನ್ನೇ ಕೊಳ್ಳಿ. ಹಳೆಯ ಬಗೆಯ ಸೆಲ್ ಸುಮ್ಮನೆ ಇಟ್ಟರೂ ತಿಂಗಳೆರಡು ತಿಂಗಳಲ್ಲಿ ಬಹುಪಾಲು ಬರಿದಾಗುತ್ತಿತ್ತು. 2005ರಲ್ಲಿ ಸಾನ್ಯೊ ಕಂಪನಿ ಎನಿಲೂಪ್ ತಂದ ಮೇಲೆ ಹರಡಿದ ಈ ಹೊಸ ಬಗೆಯವು, ವರ್ಷದ ನಂತರವೂ ಮುಕ್ಕಾಲು ಪಾಲಿನಷ್ಟು ಉಳಿಸಿಕೊಂಡಿರುತ್ತವೆ.

ಚಾರ್ಜರ್ ಆರಿಸುವುದು

ಅಗ್ಗದ ಚಾರ್ಜರ್‌ಗೆ ನಿಲ್ಲಿಸುವುದು ಗೊತ್ತಿಲ್ಲ. ಪ್ಲಗ್ ಕೀಳುವವರೆಗೂ ಕರೆಂಟ್ ಹರಿಸುತ್ತಲೇ ಇರುತ್ತದೆ. ಅದರಲ್ಲಿ ಸೆಲ್‌ಗಳನ್ನು ಜೋಡಿಯಾಗಿಯೇ ಹಾಕಬೇಕಾಗುವುದೂ ಉಂಟು. ಜೋಡಿಯಲ್ಲೊಂದು ಅರ್ಧ ತುಂಬಿದ್ದು, ಇನ್ನೊಂದು ಖಾಲಿಯಿದ್ದರೆ, ಮೊದಲನೆಯದು ಉಕ್ಕುತ್ತದೆ, ಎರಡನೆಯದು ಹಸಿದೇ ಉಳಿಯುತ್ತದೆ. ಒಂದೇ ಒಂದು ಸೆಲ್ ಅಥವಾ ಮೂರು ಹಾಕಿದರೂ ಕೆಲಸ ಮಾಡುವ, ಪ್ರತಿ ಗೂಡಿಗೂ ಬೇರೆ ದೀಪವಿರುವ ಚಾರ್ಜರ್ ನೋಡಿ. ಪ್ರತಿ ಸೆಲ್ಲನ್ನೂ ಪ್ರತ್ಯೇಕವಾಗಿ ಗಮನಿಸುತ್ತದೆ ಎಂಬುದಕ್ಕೆ ಅದೇ ಗುರುತು.

ಸೆಲ್ ತುಂಬಿತೆಂದು ಚಾರ್ಜರ್‌ಗೆ ತಿಳಿಯುವುದು ಹೇಗೆ? ತುಂಬಿದ ಮೇಲೂ ಒಳಬರುವ ಕರೆಂಟ್‌ಗೆ ಜಾಗವಿಲ್ಲದೆ ಸೆಲ್ಲಿನೊಳಗೆ ಆಮ್ಲಜನಕ ಹುಟ್ಟುತ್ತದೆ. ಅದು ಮತ್ತೆ ಸೇರಿಕೊಳ್ಳುವಾಗ ಶಾಖ ಹೊಮ್ಮುತ್ತದೆ. ಅಲ್ಲಿಯತನಕ ಏರುತ್ತಿದ್ದ ವೋಲ್ಟೇಜ್ ಆಗ ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ. ಬುದ್ಧಿವಂತ ಚಾರ್ಜರ್ ಕಾದಿರುವುದು ಈ ಇಳಿತಕ್ಕೆ.

ಸೂಕ್ಷ್ಮ ಇರುವುದು ಇಲ್ಲೇ. ನಿಧಾನ ಮಾಡಿದಷ್ಟೂ ಸೆಲ್‌ಗೆ ಒಳ್ಳೆಯದು ಎಂಬ ನಂಬಿಕೆ ಇಂಥ ಚಾರ್ಜರ್‌ಗೆ ಹೊಂದುವುದಿಲ್ಲ. ಕರೆಂಟ್ ತೀರಾ ಕಡಿಮೆಯಾದರೆ ಆ ಇಳಿತ ಕಾಣಿಸದಷ್ಟು ಮಂಕಾಗುತ್ತದೆ, ಚಾರ್ಜರ್ ನಿಲ್ಲುವುದೇ ಇಲ್ಲ. ಕರೆಂಟ್ ಆರಿಸುವ ಸೌಲಭ್ಯವಿದ್ದರೆ 2000 ಎಂಎಎಚ್ ಡಬಲ್ ಎ ಸೆಲ್‌ಗೆ 700ರಿಂದ 1000 ಮಿಲಿ ಆಂಪಿಯರ್, 800 ಎಂಎಎಚ್ ಟ್ರಿಪಲ್ ಎಗೆ 300ರಿಂದ 400 ಇಡಿ. 1000ದಲ್ಲಿ ಖಾಲಿ ಡಬಲ್ ಎ ತುಂಬಲು ಎರಡೂಕಾಲು ಗಂಟೆ ಬೇಕಾದೀತು. ಕಾಲು ಗಂಟೆಯ ಚಾರ್ಜರ್‌ಗಳು ಅವಸರಕ್ಕಷ್ಟೇ ಸರಿ.

ದಡ್ಡ ಚಾರ್ಜರೇ ಇದ್ದರೆ ಲೆಕ್ಕ ನೀವೇ ಇಡಬೇಕು. ಸೆಲ್‌ನ ಎಂಎಎಚ್ ಅನ್ನು ಚಾರ್ಜರ್ ಹಿಂದೆ ಬರೆದಿರುವ ಮಿಲಿ ಆಂಪಿಯರ್‌ನಿಂದ ಭಾಗಿಸಿ ಒಂದೂವರೆಯಿಂದ ಗುಣಿಸಿ: 2000 ಭಾಗ 200, ಹತ್ತು, ಹತ್ತರ ಒಂದೂವರೆ ಪಟ್ಟು 15 ಗಂಟೆ. ಅರ್ಧ ಪಾಲು ಹೆಚ್ಚಿಗೆ ಸೇರಿಸುವುದು ನಿಧಾನದ ಚಾರ್ಜ್‌ನಲ್ಲಿ ಕರೆಂಟ್‌ನ ಒಂದಂಶ ಪೋಲಾಗುವುದರಿಂದ. ಅಲಾರಂ ಇಟ್ಟು, ಹೊತ್ತಾದ ಕೂಡಲೇ ಕೀಳಿ. ಈ ಲೆಕ್ಕ ಖಾಲಿ ಸೆಲ್‌ಗೆ ಮಾತ್ರ ಅನ್ವಯ.

ಚಾರ್ಜ್ ಆಗುವಾಗ

ಕೊನೆಯ ಹೊತ್ತಿಗೆ ಸೆಲ್ ಬೆಚ್ಚಗಾಗುವುದು ಸಹಜ. ಬೆರಳಲ್ಲಿ ಹಿಡಿದಿರಲು ಆಗದಷ್ಟು ಸುಟ್ಟರೆ ಚಾರ್ಜರ್ ಆಫ್ ಮಾಡಿ, ಸೆಲ್ ತೆಗೆದು ತಣಿಯಲು ಬಿಡಿ. ಚಾರ್ಜರನ್ನು ಬಟ್ಟೆಯ ಮೇಲೆ, ಬಿಸಿಲಿನಲ್ಲಿ, ಮುಚ್ಚಿದ ಡ್ರಾಯರ್‌ನಲ್ಲಿ ಇಡಬೇಡಿ. ನಾಲ್ಕರಲ್ಲಿ ಒಂದೇ ಸೆಲ್ ಬೇಗ ಬಿಸಿಯಾಗಿ ಬೇಗ ‘ತುಂಬಿದೆ’ ಎಂದರೆ, ಅದು ಮುದಿಯಾಗಿದೆ ಎಂದು ತಿಳಿಯಿರಿ.

ಬಳಸುವಾಗಿನ ದೊಡ್ಡ ತಪ್ಪು

ಹೊಸದು-ಹಳೆಯದು, 2000-2500, ಒಂದು ಕಂಪನಿಯದು ಇನ್ನೊಂದರದು, ಹೀಗೆ ಬೆರಕೆ ಮಾಡಿ ಹಾಕುವುದು. ನಾಲ್ಕು ಸೆಲ್ ಸಾಲಾಗಿ ನಿಂತಾಗ ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಉಳಿದ ಮೂರು ಅದನ್ನು ಬಿಡುವುದಿಲ್ಲ, ಅದರ ಮೂಲಕವೇ ಕರೆಂಟ್ ನೂಕಿ ಧನ-ಋಣ ತಲೆಕೆಳಗು ಮಾಡುತ್ತವೆ. ಸೆಲ್ ಸೋರುವುದು, ಕಾಯಂ ಆಗಿ ಕಸುವು ಕಳೆದುಕೊಳ್ಳುವುದು ಹೀಗೆಯೇ. ಒಟ್ಟಿಗೆ ಕೊಂಡ ನಾಲ್ಕಕ್ಕೂ ಮಾರ್ಕರ್ ಪೆನ್ನಿನಿಂದ ಎ1, ಎ2, ಎ3, ಎ4 ಎಂದು ಬರೆದು, ಕೊಂಡ ತಿಂಗಳನ್ನೂ ಗುರುತಿಸಿ. ಅವು ಸದಾ ಒಟ್ಟಿಗೇ ಓಡಾಡಲಿ, ಒಟ್ಟಿಗೇ ಚಾರ್ಜ್ ಆಗಲಿ.

ಟಾರ್ಚ್ ಮಂಕಾದ ಕೂಡಲೇ, ಆಟಿಕೆ ಕಾರು ನಿಧಾನವಾದ ಕೂಡಲೇ ನಿಲ್ಲಿಸಿ. ಪೂರ್ತಿ ಹೀರಿ ಖಾಲಿ ಮಾಡಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಈ ಸೆಲ್‌ಗಳಲ್ಲಿ ಪ್ರತಿ ಸಲ ಅದರ ಅಗತ್ಯವಿಲ್ಲ.

ಬಹುಕಾಲ ಮೂಲೆಯಲ್ಲಿದ್ದ ಸೆಲ್ ಮೊದಲ ಚಾರ್ಜ್‌ನಲ್ಲೇ ಸರಿಹೋಗುವುದಿಲ್ಲ. ಚಾರ್ಜರ್‌ನಲ್ಲಿ ‘ರಿಫ್ರೆಶ್’ ಇದ್ದರೆ ಹಾಕಿ. ಅದು ಸೆಲ್ಲನ್ನು ಒಂದು ವೋಲ್ಟ್‌ವರೆಗೆ ಇಳಿಸಿ ಮತ್ತೆ ತುಂಬುತ್ತದೆ. ಮೂರರಿಂದ ಐದು ಸುತ್ತಿಗೆ ಬಹಳಷ್ಟು ಚೇತರಿಸಿಕೊಳ್ಳಬಹುದು. ಆಮೇಲೂ ಬರೆದ ಸಂಖ್ಯೆಯ ಅರ್ಧಕ್ಕಿಂತ ಕಡಿಮೆಯೇ ತೋರಿಸಿದರೆ ಆಸೆ ಬಿಡಿ.

ಇಡುವುದು: ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ ಜಾಗದಲ್ಲಿ. ಕೀಲಿ, ನಾಣ್ಯಗಳ ಜೊತೆ ಜೇಬಿನಲ್ಲಿಟ್ಟರೆ ಶಾರ್ಟ್ ಆಗಿ ಸುಡುತ್ತವೆ. ಆರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬಳಸದ ಉಪಕರಣದಿಂದ ತೆಗೆದಿಡಿ. ಸೆಲ್ ಕೂರುವ ಲೋಹದ ಪಟ್ಟಿಯ ಮೇಲೆ ಬಿಳಿ ಪುಡಿ ಕಂಡರೆ ಹತ್ತಿಯ ಕಡ್ಡಿಗೆ ತುಸು ವಿನಿಗರ್ ತಾಕಿಸಿ ಒರೆಸಿ, ಒಣಗಿಸಿ. ಆ ಪುಡಿ ಕ್ಷಾರ, ಕಣ್ಣಿಗೆ ತಾಗಬಾರದು.

ಲಿಥಿಯಂಗೆ ಬೇರೆ ನಿಯಮ

ಡಬಲ್ ಎ ಅಳತೆಯಲ್ಲೇ 1.5 ವೋಲ್ಟ್‌ನ ಲಿಥಿಯಂ ರಿಚಾರ್ಜೆಬಲ್‌ಗಳೂ ಸಿಗುತ್ತವೆ. ಅವನ್ನು ನಿಕಲ್ ಚಾರ್ಜರ್‌ಗೆ ಎಂದೂ ಹಾಕಬೇಡಿ, ಬೆಂಕಿಯ ಅಪಾಯವಿದೆ.

ಮೊಬೈಲ್, ಲ್ಯಾಪ್‌ಟಾಪ್‌ನ ಬ್ಯಾಟರಿಗೆ ಪೂರ್ತಿ ತುಂಬಿರುವುದೇ ಶ್ರಮ. 20ರಿಂದ 80 ಶೇಕಡಾ ನಡುವೆ ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಹೆಚ್ಚು ಬಾಳುತ್ತದೆ. ಪೂರ್ತಿ ತುಂಬಿಸಿ ಬಿಸಿ ಕಾರಿನಲ್ಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ಬಳಸದ ಸಾಧನವನ್ನು ಅರ್ಧ ಚಾರ್ಜ್‌ನಲ್ಲಿ ಆಫ್ ಮಾಡಿಡಿ. ಕೊರೆಯುವ ಚಳಿಯಿಂದ ತಂದ ಫೋನನ್ನು ಬೆಚ್ಚಗಾದ ಮೇಲೆಯೇ ಚಾರ್ಜ್‌ಗೆ ಹಾಕಿ. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂರುತ್ತದೆ. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜ್‌ಗೂ ಹಾಕಬೇಡಿ. ಸಾಧನ ಆಫ್ ಮಾಡಿ, ಸುಡುವ ವಸ್ತುಗಳಿಂದ ದೂರವಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.