ಮಂಡಿನೋವಿಗೆ ಹುಳಿ ಚೆರ್ರಿ: ಕುಡಿಯುವ ಕ್ರಮ ಹೀಗೆ

ಮಂಡಿನೋವು ಅಂದರೆ ಸಾಕು, ಸಲಹೆ ಕೊಡುವವರಿಗೇನೂ ಬರವಿಲ್ಲ. ಆ ಸಲಹೆಗಳ ಸಾಲಿಗೆ ಈಗ ಹುಳಿ ಚೆರ್ರಿಯೂ ಸೇರಿದೆ. ಟರ್ಕಿ, ಪೋಲೆಂಡ್, ಅಮೆರಿಕದ ಮಿಷಿಗನ್ ಕಡೆ ಬೆಳೆಯುವ ಈ ಹಣ್ಣಿನ ಮರಕ್ಕೆ ಮೈ ಕೊರೆಯುವ ಚಳಿಗಾಲ ಬೇಕು. ನಂದಿಬೆಟ್ಟದ ಚಳಿ ಅದಕ್ಕೆ ಸಾಲದು. ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಕೂತ ನಮಗೆ ಸಿಗುವುದು ಜ್ಯೂಸು, ಕಾನ್ಸಂಟ್ರೇಟು (ನೀರಿನಂಶ ತೆಗೆದ ಗಟ್ಟಿ ರಸ) ಇಲ್ಲವೇ ಒಣಹಣ್ಣು. ಗುಣವಿಲ್ಲ ಅಂತಲ್ಲ. ಆದರೆ ಬೆಲೆ ಜಾಸ್ತಿ. ಕ್ರಮ ತಿಳಿಯದೆ ಕುಡಿದರೆ ದುಡ್ಡೂ ದಂಡ, ಹೊಟ್ಟೆಯೂ ಕೆಡುತ್ತದೆ.

ಮೊದಲ ಹಂತ: ನೋವು ಎಂಥದ್ದು ಅಂತ ತಿಳಿಯುವುದು. ನಮ್ಮ ಕಡೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಾಗೇಪಲ್ಲಿ, ಪಾವಗಡ, ಕೋಲಾರದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಮೂಳೆಗೆ ಸೇರಿಕೊಂಡು ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುವುದಿಲ್ಲ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಅನುಮಾನ ಪಡಿ. ನೀರು ಪರೀಕ್ಷೆ ಮಾಡಿಸಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನನ್ನೇ ಬಳಸಿ. ಈ ನೋವಿಗೆ ಚೆರ್ರಿ ರಸವನ್ನು ಬಿಂದಿಗೆಗಟ್ಟಲೆ ಕುಡಿದರೂ ಅಷ್ಟೇ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಪ್ರಾಣ ಹೋದಂತಾದರೆ ಅದು ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟುವ ಕಾಯಿಲೆ ಇರಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 633 ಗೌಟ್ ರೋಗಿಗಳನ್ನು ಗಮನಿಸಿದಾಗ, ಎರಡು ದಿನ ಚೆರ್ರಿ ತಿಂದವರಿಗೆ ನೋವು ಮರುಕಳಿಸುವ ಸಾಧ್ಯತೆ ಶೇ 35ರಷ್ಟು ಕಡಿಮೆ ಕಂಡಿತ್ತು. ಇದನ್ನು ನೆಚ್ಚಿಕೊಂಡು ಯೂರಿಕ್ ಆಸಿಡ್ ಇಳಿಸುವ ಮಾತ್ರೆ ನಿಲ್ಲಿಸಬೇಡಿ; ಮಾತ್ರೆಯ ಜೊತೆ ಚೆರ್ರಿ ತಿಂದವರಿಗೇ ಹೆಚ್ಚು ಲಾಭ ಕಂಡದ್ದು. ವಯಸ್ಸಿನಿಂದ ಸವೆದ ಮಂಡಿಯ ಮಾತು ಬೇರೆ. 2013ರ ಒಂದು ಪ್ರಯೋಗದಲ್ಲಿ ಆರು ವಾರ ಜ್ಯೂಸ್ ಕುಡಿದವರ ರಕ್ತದಲ್ಲಿ ಉರಿಯೂತದ ಸೂಚಕ ಇಳಿದಿತ್ತು. ನೋವು ಮಾತ್ರ, ಚೆರ್ರಿಯೇ ಇಲ್ಲದ ಪಾನೀಯ ಕುಡಿದವರಿಗಿಂತ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ನನ್ನ ಮಟ್ಟಿಗೆ ಚೆರ್ರಿಗೆ ಮಾರ್ಕ್ಸ್ ಹೆಚ್ಚು ಬೀಳುವುದು ಸ್ನಾಯುನೋವಿನಲ್ಲಿ. ನಂದಿಬೆಟ್ಟದ ಮೆಟ್ಟಿಲು ಹತ್ತಿ ಇಳಿದ ಮರುದಿನ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವಲ್ಲ, ಅಂಥದ್ದರಲ್ಲಿ. ಹಣ್ಣಿಗೆ ಕೆಂಪು ಬಣ್ಣ ಕೊಡುವ ಆಂಥೋಸಯಾನಿನ್‌ಗಳದ್ದೇ ಈ ಕೆಲಸ ಎನ್ನುತ್ತಾರೆ.

ಎರಡನೆಯದು, ಸರಿಯಾದ ಮಾಲು ಕೊಳ್ಳುವುದು. ಬೇಕರಿಯ ಕೇಕ್ ಮೇಲೆ ಕೂರುವ ಕೆಂಪು ಚೆರ್ರಿ ಸಾಮಾನ್ಯವಾಗಿ ಚೆರ್ರಿಯೇ ಅಲ್ಲ. ನಮ್ಮ ಗುಡ್ಡದ ಮುಳ್ಳುಪೊದೆಗಳಲ್ಲಿ ಬಿಡುವ ಕವಳೆಕಾಯಿಯ ಬಳಗದ್ದು. ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿರುತ್ತಾರೆ. ಬೇಸಿಗೆಯಲ್ಲಿ ಬರುವ ಕಾಶ್ಮೀರದ ತಾಜಾ ಚೆರ್ರಿ ಬಹುತೇಕ ಸಿಹಿ ಜಾತಿಯದು. ಹುಳಿಯದೇ ಬೇಕಿದ್ದರೆ ಲೇಬಲ್ ಮೇಲೆ ‘ಟಾರ್ಟ್’ (ಅಂದರೆ ಹುಳಿ) ಅಥವಾ ಹುಳಿ ತಳಿಯ ಹೆಸರಾದ ‘ಮಾಂಟ್‌ಮೊರೆನ್ಸಿ’ ಅಂತ ಇರಬೇಕು, ಸಕ್ಕರೆ ಸೇರಿಸಿರಬಾರದು.

ಮೂರನೆಯದು ಅಳತೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ ಎರಡು ಸಲ, ಸುಮಾರು 240 ಮಿಲಿ ಜ್ಯೂಸ್ ಅಥವಾ 30 ಮಿಲಿ ಕಾನ್ಸಂಟ್ರೇಟ್. ಕಾನ್ಸಂಟ್ರೇಟನ್ನು ಒಂದು ಲೋಟ ನೀರಿಗೆ ಬೆರೆಸಿಕೊಳ್ಳಿ. ಬೆಟ್ಟ ಹತ್ತುವವರು, ಓಡುವವರು ನಾಲ್ಕೈದು ದಿನ ಮುಂಚೆ ಶುರುಮಾಡಿ, ಮುಗಿದ ಮೇಲೂ ಎರಡು ದಿನ ಮುಂದುವರಿಸಬೇಕು. ನೋವು ಬಂದಮೇಲೆ ಕುಡಿದರೆ ಅಷ್ಟು ಉಪಯೋಗವಿಲ್ಲ. ಒಣಹಣ್ಣಾದರೆ ಎರಡು ಚಮಚ ನೆನೆಸಿ ಮಿಕ್ಸಿಗೆ ಹಾಕಿ. ಬೀಜ ಇದ್ದರೆ ಮೊದಲು ತೆಗೆಯಿರಿ; ಬೀಜದೊಳಗಿನ ತಿರುಳು ಅರೆದರೆ ಅದರಿಂದ ಸಯನೈಡ್ ವಿಷ ಹುಟ್ಟುತ್ತದೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಚೆರ್ರಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಇದರಲ್ಲಿರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಅಂಶ ಮಲಬದ್ಧತೆ ಇರುವವರಿಗೆ ಅನುಕೂಲ. ಗ್ಯಾಸು, ಹೊಟ್ಟೆ ನುಲಿತ ಇರುವವರಿಗೆ ಅದೇ ಕಾಟ. ಎದೆಯುರಿ, ಹುಳಿತೇಗು ಇರುವವರು ಬರಿಹೊಟ್ಟೆಯಲ್ಲಿ ಮುಟ್ಟಬೇಡಿ, ಊಟವಾದ ಮೇಲೆ ಅರ್ಧ ಲೋಟದಿಂದ ಶುರುಮಾಡಿ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಹುಣ್ಣಾಗಿದ್ದರೆ ಅದಕ್ಕೆ ಬೇಕಾದದ್ದು ಡಾಕ್ಟರು.

ಸಕ್ಕರೆ ಕಾಯಿಲೆಯವರು ಜಾಗ್ರತೆ: ಸಕ್ಕರೆ ಸೇರಿಸದ ಒಂದು ಲೋಟ ಜ್ಯೂಸಿನಲ್ಲೂ ಹಣ್ಣಿನದೇ ಸಕ್ಕರೆ ಸುಮಾರು 30 ಗ್ರಾಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಕಾರಣಕ್ಕೆ, ಡಾಕ್ಟರನ್ನು ಕೇಳದೆ ಕುಡಿಯಬಾರದು.

ಬೆಲೆ ಕೇಳಿ ಎದೆ ಧಸಕ್ಕೆಂದರೆ, ನಮ್ಮ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿ, ನೇರಳೆ ಹಣ್ಣುಗಳಲ್ಲೂ ಆಂಥೋಸಯಾನಿನ್ ಇದೆ. ಚೆರ್ರಿಯ ಪ್ರಯೋಗಗಳ ಫಲವನ್ನು ಇವುಗಳ ಲೆಕ್ಕಕ್ಕೆ ಬರೆಯಲಾಗದು, ಹಣ್ಣಾಗಿ ತಿನ್ನಲು ಅಡ್ಡಿಯಿಲ್ಲ. ದ್ರಾಕ್ಷಿಯಲ್ಲಿ ಬಣ್ಣವಿರುವುದು ಸಿಪ್ಪೆಯಲ್ಲಿ. ಚೆನ್ನಾಗಿ ತೊಳೆದು, ಸಿಪ್ಪೆ ಉಗಿಯದೆ ತಿನ್ನಿ.